ಎಫ್ರೈಮ್ ಕಿಶೋನ್

ಎಫ್ರೈಮ್ ಕಿಶೋನ್ (ಆಗಸ್ಟ್ 23, 1924 – ಜನವರಿ 29, 2005) ಇಸ್ರೇಲಿನ ವಿಡಂಬನ ಲೇಖಕ, ನಾಟಕಕಾರ, ಚಿತ್ರಕಥೆಗಾರ ಮತ್ತು ಚಲನಚಿತ್ರ ನಿರ್ದೇಶಕರು. ಹಂಗೇರಿಯ ಬುಡಾಪೆಸ್ಟ್ ನಗರದಲ್ಲಿ ಜನಿಸಿದ ಇವರು 1949ರಲ್ಲಿ ಇಸ್ರೇಲಿಗೆ ವಲಸೆ ಬಂದರು. ಆಗ ಅವರಿಗೆ ಹೀಬ್ರೂ ಭಾಷೆ ತಿಳಿದಿರಲಿಲ್ಲ. ಮುಂದೆ ಅದೇ ಭಾಷೆಯ ಅತ್ಯಂತ ಜನಪ್ರಿಯ ಹಾಸ್ಯ ಬರಹಗಾರರೆನಿಸಿಕೊಂಡರು. ಅವರು ನಿರ್ದೇಶಿಸಿದ ಚಲನಚಿತ್ರಗಳು ಐದು ಮಾತ್ರ. ಆದರೂ ಇಸ್ರೇಲಿ ಸಮಾಜದೊಳಗಿನ ಒಡಕುಗಳನ್ನು, ಅದರಲ್ಲೂ ಯುರೋಪಿನಿಂದ ಬಂದ ಯಹೂದಿಗಳು ಮತ್ತು ಅರಬ್ ದೇಶಗಳಿಂದ ಬಂದ ಯಹೂದಿಗಳ ನಡುವಿನ ಅಂತರವನ್ನು, ಜನಪ್ರಿಯ ಸಿನಿಮಾದ ವಸ್ತುವನ್ನಾಗಿ ಮಾಡಿದವರಲ್ಲಿ ಅವರು ಮೊದಲಿಗರು. ಅವರ ಮೊದಲ ಚಿತ್ರ ‘ಸಲ್ಲಾಹ್ ಶಬಾತಿ’ (1964) ಅತ್ಯುತ್ತಮ ವಿದೇಶಿ ಭಾಷಾ ಚಿತ್ರ ವಿಭಾಗದಲ್ಲಿ ಆಸ್ಕರ್ ಪ್ರಶಸ್ತಿಗೆ ನಾಮನಿರ್ದೇಶನಗೊಂಡ ಮೊದಲ ಇಸ್ರೇಲಿ ಚಿತ್ರವಾಗಿದೆ. ‘ಪೊಲೀಸ್ ಅಜೂಲಾಯಿ’ (1971) ಅದೇ ಗೌರವವನ್ನು ಎರಡನೆಯ ಬಾರಿ ತಂದುಕೊಟ್ಟಿತು. ಈ ಚಿತ್ರಗಳು ದುರ್ಬಲರ ಪರವಾಗಿ ನಗುತ್ತವೆಯೋ ಅಥವಾ ದುರ್ಬಲರನ್ನೇ ಕಂಡು ನಗುತ್ತವೆಯೋ ಎಂಬ ಪ್ರಶ್ನೆ ಇಸ್ರೇಲಿ ಸಿನಿಮಾ ವಿಮರ್ಶೆಯಲ್ಲಿ ದಶಕಗಳಿಂದ ಚರ್ಚೆಯಲ್ಲಿದೆ.

ಜನನ ಮತ್ತು ಬಾಲ್ಯ

ಕಿಶೋನ್ ಅವರ ಮೂಲ ಹೆಸರು ಫೆರೆಂಟ್ಸ್ ಹಾಫ್‌ಮನ್. ಬುಡಾಪೆಸ್ಟಿನ ಮಧ್ಯಮ ವರ್ಗದ ಯಹೂದಿ ಕುಟುಂಬದಲ್ಲಿ ಅವರು ಜನಿಸಿದರು. ತಂದೆ ಬ್ಯಾಂಕಿನಲ್ಲಿ ಉದ್ಯೋಗದಲ್ಲಿದ್ದರು. ಮನೆಯಲ್ಲಿ ಧಾರ್ಮಿಕ ಆಚರಣೆಗಳು ಹೆಚ್ಚಾಗಿರಲಿಲ್ಲ, ಹೀಬ್ರೂ ಅಥವಾ ಯಿಡ್ಡಿಷ್ ಭಾಷೆಯ ಬಳಕೆಯೂ ಇರಲಿಲ್ಲ. ಬಾಲ್ಯದಲ್ಲಿಯೇ ಬರವಣಿಗೆಯಲ್ಲಿ ಪ್ರತಿಭೆ ತೋರಿದ ಅವರಿಗೆ ಹಂಗೇರಿಯ ಯಹೂದಿ ವಿರೋಧಿ ಕಾನೂನುಗಳ ಕಾರಣದಿಂದ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತ್ತು. ಆದ್ದರಿಂದ 1942ರಲ್ಲಿ ಅಕ್ಕಸಾಲಿಗ ವೃತ್ತಿಯ ತರಬೇತಿಗೆ ಸೇರಿದರು.

ಎರಡನೆಯ ಮಹಾಯುದ್ಧ

1944ರಲ್ಲಿ ಜರ್ಮನ್ ಪಡೆಗಳು ಹಂಗೇರಿಯನ್ನು ಆಕ್ರಮಿಸಿದ ನಂತರ ಅಲ್ಲಿನ ಯಹೂದಿಗಳ ಸಾಮೂಹಿಕ ಗಡೀಪಾರು ಆರಂಭವಾಯಿತು. ಆಗ ಇಪ್ಪತ್ತರ ಆಸುಪಾಸಿನಲ್ಲಿದ್ದ ಫೆರೆಂಟ್ಸ್ ಅವರನ್ನು ಬಲವಂತದ ದುಡಿಮೆಯ ಶಿಬಿರಗಳಿಗೆ ಕಳುಹಿಸಲಾಯಿತು. ಚದುರಂಗದಲ್ಲಿ ಅವರಿಗಿದ್ದ ಪರಿಣತಿ ಅಲ್ಲಿ ಅವರ ಪ್ರಾಣ ಉಳಿಸಿತು. ಶಿಬಿರದ ಅಧಿಕಾರಿಯೊಬ್ಬನಿಗೆ ಆಟಕ್ಕೆ ಎದುರಾಳಿ ಬೇಕಾಗಿದ್ದುದೇ ಅದಕ್ಕೆ ಕಾರಣ. ಇನ್ನೊಂದು ಸಂದರ್ಭದಲ್ಲಿ ಕೈದಿಗಳನ್ನು ಸಾಲಾಗಿ ನಿಲ್ಲಿಸಿ ಹತ್ತರಲ್ಲಿ ಒಬ್ಬರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಆ ಎಣಿಕೆ ಅವರನ್ನು ದಾಟಿ ಹೋಯಿತು. ಬೇರೊಂದು ಕಡೆಗೆ ಸಾಗಿಸುತ್ತಿದ್ದಾಗ ಅವರು ತಪ್ಪಿಸಿಕೊಂಡರು. ಯುದ್ಧ ಮುಗಿಯುವವರೆಗೆ ಸ್ಲೊವಾಕಿಯದ ಕೂಲಿಕಾರನೆಂದು ಹೇಳಿಕೊಂಡು ಬದುಕಿದರು. ಅವರ ತಂದೆ, ತಾಯಿ ಮತ್ತು ಸಹೋದರಿ ಬದುಕಿ ಉಳಿದರು. ಬಂಧುಗಳಲ್ಲಿ ಅನೇಕರು ನಾಜಿ ಶಿಬಿರಗಳಲ್ಲಿ ಹತರಾದರು.

ಯುದ್ಧಾನಂತರ ಅವರು ಬುಡಾಪೆಸ್ಟಿಗೆ ಮರಳಿ ಕಲೆಯ ವ್ಯಾಸಂಗ ನಡೆಸಿದರು. ‘ಹಾಫ್‌ಮನ್’ ಎಂಬ ಜರ್ಮನ್ ಧ್ವನಿಯ ಕುಲನಾಮವನ್ನು ಬಿಟ್ಟು ‘ಕಿಶೋಂಟ್’ ಎಂಬ ಹೆಸರನ್ನು ಇಟ್ಟುಕೊಂಡರು. ಈ ಅವಧಿಯಲ್ಲಿ ಅವರು ಬರೆದ ಕಾದಂಬರಿಯೊಂದು ಬೋಳು ತಲೆಯವರನ್ನು ಶತ್ರುಗಳೆಂದು ಸಾರಿ ಬೇಟೆಯಾಡುವ ರಾಜಕೀಯ ಚಳವಳಿಯೊಂದರ ಕಥೆಯಾಗಿದೆ. ಜನಾಂಗದ್ವೇಷದ ಅಸಂಬದ್ಧತೆಯನ್ನು ಬಯಲಿಗೆಳೆಯುವ ಈ ಕೃತಿಗೆ ಸ್ಪರ್ಧೆಯೊಂದರಲ್ಲಿ ಬಹುಮಾನ ಬಂದಿತು. ಆದರೆ ಹಂಗೇರಿಯ ಕಮ್ಯುನಿಸ್ಟ್ ನಾಯಕ ಮಾತ್ಯಾಶ್ ರಾಕೋಶಿ ಅವರ ತಲೆಯೂ ಬೋಳಾಗಿದ್ದುದರಿಂದ ಅದರ ಪ್ರಕಟಣೆ ಅಸಾಧ್ಯವಾಯಿತು ಎಂದು ಕಿಶೋನ್ ಮುಂದೆ ನೆನಪಿಸಿಕೊಂಡಿದ್ದಾರೆ. ಈ ಕಾದಂಬರಿಯು ಹಲವು ದಶಕಗಳ ನಂತರ ಜರ್ಮನ್ ಭಾಷೆಯಲ್ಲಿ ಪ್ರಕಟವಾಯಿತು.

ಇಸ್ರೇಲಿಗೆ ವಲಸೆ

1949ರಲ್ಲಿ ಅವರು ತಮ್ಮ ಮೊದಲ ಪತ್ನಿಯೊಂದಿಗೆ ಕಮ್ಯುನಿಸ್ಟ್ ಹಂಗೇರಿಯನ್ನು ತೊರೆದು ಹೈಫಾ ಬಂದರಿಗೆ ಬಂದಿಳಿದರು. ಬಂದರಿನಲ್ಲಿ ಹೆಸರು ದಾಖಲಿಸಿಕೊಳ್ಳುತ್ತಿದ್ದ ಗುಮಾಸ್ತನು ‘ಕಿಶೋಂಟ್’ ಎಂಬುದನ್ನು ‘ಕಿಶೋನ್’ ಎಂದೂ, ‘ಫೆರೆಂಟ್ಸ್’ ಎಂಬುದನ್ನು ‘ಎಫ್ರೈಮ್’ ಎಂದೂ ತನ್ನಷ್ಟಕ್ಕೆ ತಾನೇ ಬದಲಿಸಿದನು. ಕಿಶೋನ್ ಎಂಬುದು ಹೈಫಾದ ಬಳಿ ಸಮುದ್ರ ಸೇರುವ ನದಿಯ ಹೆಸರು. ಸರ್ಕಾರಿ ಮೇಜಿನ ಎದುರು ವ್ಯಕ್ತಿಯೊಬ್ಬನ ಗುರುತು ಕ್ಷಣಮಾತ್ರದಲ್ಲಿ ಬದಲಾಗುವ ಈ ಪ್ರಸಂಗವನ್ನು ಅವರು ತಮ್ಮ ಬರಹಗಳಲ್ಲಿ ಮತ್ತೆ ಮತ್ತೆ ಹೇಳಿದ್ದಾರೆ.

ಆರಂಭದಲ್ಲಿ ಅವರು ಹೈಫಾ ಬಳಿಯ ಶಾರ್ ಹಾಅಲಿಯಾ ವಲಸಿಗರ ಶಿಬಿರದಲ್ಲಿದ್ದರು. ನಂತರ ನಜರೇತ್ ಸಮೀಪದ ಕ್ಫಾರ್ ಹಾಹೋರೆಶ್ ಎಂಬ ಕಿಬ್ಬುತ್ಸಿನಲ್ಲಿ, ಅಂದರೆ ಆಸ್ತಿ ಮತ್ತು ದುಡಿಮೆ ಎಲ್ಲರಿಗೂ ಸೇರಿದ ಸಾಮೂಹಿಕ ಕೃಷಿ ಗ್ರಾಮದಲ್ಲಿ, ಕೆಲಸ ಮಾಡುತ್ತ ಬಿಡುವಿನ ವೇಳೆಯಲ್ಲಿ ಹೀಬ್ರೂ ಕಲಿಯತೊಡಗಿದರು. ಮುಂದೆ ಜೆರುಸಲೇಮಿನ ಭಾಷಾ ಕಲಿಕಾ ಕೇಂದ್ರದಲ್ಲಿ ಅಭ್ಯಾಸ ಮುಂದುವರಿಸಿದರು. ಶಿಬಿರದ ಸಾಲುಮನೆ, ಕಿಬ್ಬುತ್ಸಿನ ಸಭೆ, ಸರ್ಕಾರಿ ಕಚೇರಿಯ ಸರತಿ ಇವೆಲ್ಲವೂ ಮುಂದೆ ಅವರ ಚಿತ್ರಗಳಲ್ಲಿ ಕಾಣಿಸಿಕೊಂಡವು.

ಪತ್ರಿಕೋದ್ಯಮ ಮತ್ತು ರಂಗಭೂಮಿ

ಕಿಶೋನ್ ಮೊದಲು ಇಸ್ರೇಲಿನ ಹಂಗೇರಿಯನ್ ಪತ್ರಿಕೆ ‘ಉಯ್ ಕೆಲೆಟ್’ಗೆ ಬರೆದರು. ಬಳಿಕ ಹೊಸ ವಲಸಿಗರಿಗಾಗಿ ಸುಲಭ ಹೀಬ್ರೂವಿನಲ್ಲಿ ಹೊರಡುತ್ತಿದ್ದ ‘ಓಮೆರ್’ ಪತ್ರಿಕೆಗೆ ಲೇಖನಗಳನ್ನು ಒದಗಿಸಿದರು. 1952ರಲ್ಲಿ ‘ಮಾರೀವ್’ ದಿನಪತ್ರಿಕೆಯಲ್ಲಿ ‘ಹದ್ ಗದ್ಯಾ’ ಎಂಬ ಅಂಕಣವನ್ನು ಆರಂಭಿಸಿದರು. ಯಹೂದಿಗಳ ಪಾಸೋವರ್ ಹಬ್ಬದಲ್ಲಿ ಹಾಡುವ ಅರಾಮಿಕ್ ಹಾಡೊಂದರಿಂದ ಈ ಹೆಸರನ್ನು ಆರಿಸಲಾಗಿತ್ತು. ದೇಶಕ್ಕೆ ಬಂದ ಮೂರೇ ವರ್ಷಗಳಲ್ಲಿ ಆರಂಭವಾದ ಈ ಅಂಕಣವು ಸುಮಾರು ಮೂವತ್ತು ವರ್ಷಗಳ ಕಾಲ ನಡೆಯಿತು. ಅಧಿಕಾರಶಾಹಿ, ಪಕ್ಷ ರಾಜಕೀಯ, ಕಾರ್ಮಿಕ ಸಂಘಟನೆ, ನೆರೆಹೊರೆಯ ಜಗಳ, ಮನೆಯ ನಲ್ಲಿ ರಿಪೇರಿ ಇತ್ಯಾದಿ ದಿನನಿತ್ಯದ ಸಂಗತಿಗಳೇ ಅದರ ವಸ್ತುಗಳಾಗಿದ್ದವು.

ಅವರ ನಾಟಕಗಳು 1950ರ ದಶಕದಿಂದ ಹಬೀಮಾ ಸೇರಿದಂತೆ ಇಸ್ರೇಲಿನ ಪ್ರಮುಖ ರಂಗಸಂಸ್ಥೆಗಳಲ್ಲಿ ಪ್ರದರ್ಶನಗೊಂಡವು. ಕಿರು ಪ್ರಹಸನಗಳನ್ನೂ ಅವರು ಬರೆದರು. ಅರಬ್ ದೇಶದಿಂದ ಬಂದ ಬಡ ವಲಸಿಗ ಸಲ್ಲಾಹ್‌ನ ಪಾತ್ರ ಮೊದಲು ರೂಪುಗೊಂಡದ್ದು ಇಂತಹ ಪ್ರಹಸನಗಳಲ್ಲಿಯೇ. ಯುವ ನಟ ಹೈಮ್ ಟೊಪೋಲ್ ಈ ಪಾತ್ರವನ್ನು ವೇದಿಕೆಯ ಮೇಲೆ ಅಭಿನಯಿಸಿ ಜನಪ್ರಿಯಗೊಳಿಸಿದರು. ಹಂಗೇರಿಯಿಂದಲೇ ಬಂದಿದ್ದ ವ್ಯಂಗ್ಯಚಿತ್ರಕಾರ ಕರಿಯೆಲ್ ಗರ್ದೋಶ್ (ದೋಶ್) ಅವರೊಂದಿಗೆ ಕಿಶೋನ್ 1967ರ ಯುದ್ಧದ ನಂತರ ಹೊರತಂದ ಪುಸ್ತಕವೂ ವ್ಯಾಪಕವಾಗಿ ಓದಲ್ಪಟ್ಟಿತು.

ಚಿತ್ರಗಳ ಸಾಮಾಜಿಕ ಹಿನ್ನೆಲೆ

1948ರಲ್ಲಿ ಇಸ್ರೇಲ್ ರಾಷ್ಟ್ರವು ಸ್ಥಾಪನೆಯಾದ ನಂತರದ ಮೂರೂವರೆ ವರ್ಷಗಳಲ್ಲಿ ಸುಮಾರು 7 ಲಕ್ಷ ವಲಸಿಗರು ಅಲ್ಲಿಗೆ ಬಂದರು. ದೇಶದ ಯಹೂದಿ ಜನಸಂಖ್ಯೆಯು ದುಪ್ಪಟ್ಟಾಯಿತು. ಯುರೋಪಿನಲ್ಲಿ ನರಮೇಧದಿಂದ ಬದುಕುಳಿದವರ ಜೊತೆಗೆ ಇರಾಕ್, ಯೆಮೆನ್, ಉತ್ತರ ಆಫ್ರಿಕಾ ಮೊದಲಾದ ಪ್ರದೇಶಗಳ ಯಹೂದಿಗಳೂ ದೊಡ್ಡ ಸಂಖ್ಯೆಯಲ್ಲಿ ಬಂದರು. ಯುರೋಪ್ ಮೂಲದವರನ್ನು ಅಶ್ಕೆನಾಜಿಗಳೆಂದೂ, ಏಷ್ಯಾ ಮತ್ತು ಉತ್ತರ ಆಫ್ರಿಕಾ ಮೂಲದವರನ್ನು ಮಿಜ್ರಾಹಿಗಳೆಂದೂ ಕರೆಯುವುದು ಇಂದು ರೂಢಿಯಲ್ಲಿದೆ. ಸರ್ಕಾರ, ಕಾರ್ಮಿಕ ಸಂಘಟನೆ, ಸೇನೆ ಮತ್ತು ಕಿಬ್ಬುತ್ಸ್ ಚಳವಳಿಯ ನಾಯಕತ್ವವು ಬಹುಪಾಲು ಅಶ್ಕೆನಾಜಿಗಳ ಕೈಯಲ್ಲಿತ್ತು.

ಹೊಸಬರಿಗೆ ಸಾಕಷ್ಟು ಮನೆಗಳಿರಲಿಲ್ಲ. 1950ರಿಂದ ‘ಮಾಬರಾ’ ಎಂಬ ತಾತ್ಕಾಲಿಕ ವಸತಿ ಶಿಬಿರಗಳನ್ನು ನಿರ್ಮಿಸಲಾಯಿತು. ಡೇರೆ, ತಗಡಿನ ಗುಡಿಸಲು ಮತ್ತು ಮರದ ಹಲಗೆಯ ಕೋಣೆಗಳಲ್ಲಿ ಕುಟುಂಬಗಳು ವಾಸಿಸಿದವು. ಯುರೋಪ್ ಮೂಲದ ಅನೇಕರು ಬೇಗನೆ ಶಿಬಿರಗಳಿಂದ ಹೊರಬಿದ್ದರೆ, ಮಿಜ್ರಾಹಿಗಳಲ್ಲಿ ಅನೇಕರು ವರ್ಷಗಟ್ಟಲೆ ಅಲ್ಲಿಯೇ ಉಳಿದರು. 1959ರಲ್ಲಿ ಹೈಫಾದ ವಾದಿ ಸಲೀಬ್ ಬಡಾವಣೆಯಲ್ಲಿ ಮೊರಾಕೊ ಮೂಲದ ನಿವಾಸಿಗಳ ಆಕ್ರೋಶವು ಗಲಭೆಯ ರೂಪ ತಾಳಿದಾಗ ಈ ತಾರತಮ್ಯವು ದೇಶದ ಗಮನಕ್ಕೆ ಬಂದಿತು. ಆದರೆ ಅಂದಿನ ಇಸ್ರೇಲಿ ಸಿನಿಮಾದಲ್ಲಿ ಭೂಮಿ ಹದಮಾಡುವ ಆದಿವಲಸಿಗರು ಮತ್ತು ಯುದ್ಧವೀರರೇ ನಾಯಕರಾಗಿದ್ದರು. ವಸತಿ ಶಿಬಿರದ ನಿವಾಸಿಗೆ ಅಲ್ಲಿ ಸ್ಥಾನವಿರಲಿಲ್ಲ.

ಸಲ್ಲಾಹ್ ಶಬಾತಿ

1964ರಲ್ಲಿ ತೆರೆಕಂಡ ‘ಸಲ್ಲಾಹ್ ಶಬಾತಿ’ ಚಿತ್ರದ ಕಥೆ, ಚಿತ್ರಕಥೆ ಮತ್ತು ನಿರ್ದೇಶನ ಕಿಶೋನ್ ಅವರದು. ಇದಕ್ಕೆ ಮೊದಲು ಅವರು ಯಾವ ಚಿತ್ರವನ್ನೂ ನಿರ್ದೇಶಿಸಿರಲಿಲ್ಲ. ಮೆನಹೆಮ್ ಗೋಲಾನ್ ಚಿತ್ರವನ್ನು ನಿರ್ಮಿಸಿದರು. ಅಮೆರಿಕದ ಹಿರಿಯ ಛಾಯಾಗ್ರಾಹಕ ಫ್ಲಾಯ್ಡ್ ಕ್ರಾಸ್ಬಿ ಛಾಯಾಗ್ರಹಣ ಮಾಡಿದರು. ಆಗ ಇನ್ನೂ ಮೂವತ್ತು ತುಂಬದಿದ್ದ ಟೊಪೋಲ್ ಗಡ್ಡ ಮತ್ತು ಪ್ರಸಾಧನದ ನೆರವಿನಿಂದ ನಡುವಯಸ್ಸು ದಾಟಿದ ಸಲ್ಲಾಹ್‌ನಾಗಿ ನಟಿಸಿದರು. ಗಿಲಾ ಅಲ್ಮಗೋರ್, ಅರಿಕ್ ಐನ್‌ಸ್ಟೈನ್ ಮತ್ತು ಗೆಯುಲಾ ನೋನಿ ಇತರ ಮುಖ್ಯ ಪಾತ್ರಗಳಲ್ಲಿದ್ದರು. ನಾಯಕನ ಹೆಸರನ್ನು ಹೀಬ್ರೂವಿನಲ್ಲಿ ಉಚ್ಚರಿಸಿದಾಗ, ಬಂದದ್ದಕ್ಕೆ ಕ್ಷಮಿಸಿ ಎಂಬರ್ಥದ ಮಾತಿನಂತೆ ಕೇಳಿಸುತ್ತದೆ. ಚಿತ್ರದ ಧೋರಣೆಯು ಈ ಶ್ಲೇಷೆಯಿಂದಲೇ ಆರಂಭವಾಗುತ್ತದೆ.

ಸಲ್ಲಾಹ್ ತನ್ನ ಗರ್ಭಿಣಿ ಪತ್ನಿ, ಏಳು ಮಕ್ಕಳು ಮತ್ತು ತನಗೆ ಯಾವ ರೀತಿಯ ಸಂಬಂಧಿಯೆಂದು ತನಗೇ ಖಚಿತವಿಲ್ಲದ ವೃದ್ಧೆಯೊಬ್ಬಳೊಂದಿಗೆ ವಿಮಾನದಿಂದ ಇಳಿಯುತ್ತಾನೆ. ಮನೆ ಸಿಗುತ್ತದೆಂಬ ಭರವಸೆಯಿಂದ ಬಂದವನಿಗೆ ಶಿಬಿರದ ಒಂದು ಮುರುಕಲು ಗುಡಿಸಲು ದೊರೆಯುತ್ತದೆ. ಮುಂದಿನ ಕಥೆಯೆಲ್ಲ ಆ ಗುಡಿಸಲಿನಿಂದ ಹೊಸ ಮನೆಗೆ ಹೋಗಲು ಅವನು ಹೂಡುವ ಉಪಾಯಗಳ ಸರಣಿ. ಪಗಡೆಯನ್ನು ಹೋಲುವ ಶೇಶ್ ಬೇಶ್ ಆಟದಲ್ಲಿ ಅವನು ನೆರೆಯವನಿಂದ ಹಣ ಗೆಲ್ಲುತ್ತಾನೆ. ಚುನಾವಣೆ ಬಂದಾಗ ತನ್ನ ಮತವನ್ನು ಹಲವು ಪಕ್ಷಗಳಿಗೆ ಮಾರಿ, ಕೊಟ್ಟ ಮಾತಿನಂತೆ ಎಲ್ಲ ಪಕ್ಷಗಳ ಚೀಟಿಗಳನ್ನೂ ಒಂದೇ ಲಕೋಟೆಯಲ್ಲಿ ತುಂಬುತ್ತಾನೆ. ಗಿಡ ನೆಡುವ ಕೂಲಿಗೆ ಹೋದಾಗ, ವಿದೇಶದಿಂದ ದಾನಿಗಳು ಬಂದಂತೆಲ್ಲ ಅದೇ ತೋಪಿನ ಎದುರಿನ ನಾಮಫಲಕ ಬದಲಾಗುವುದನ್ನು ಕಾಣುತ್ತಾನೆ. ದಾನಿಯ ಹೆಸರಿನ ಕಾಡು ಬೇರೆಯವರ ಹೆಸರಿನದಾಗುವುದು ಅವನಿಗೆ ಮೋಸವಾಗಿ ತೋರುತ್ತದೆ, ಅಧಿಕಾರಿಗಳಿಗೆ ಅದು ದಿನನಿತ್ಯದ ಕೆಲಸ.

ಶಿಬಿರದ ಪಕ್ಕದಲ್ಲಿಯೇ ಕಿಬ್ಬುತ್ಸ್ ಇದೆ. ಸಮಾನತೆಯ ಆದರ್ಶ ಸಾರುವ ಅಲ್ಲಿನ ಸದಸ್ಯರು ಶಿಬಿರದವರನ್ನು ಕೂಲಿಗೆ ಕರೆಯುತ್ತಾರೆಯೇ ಹೊರತು ತಮ್ಮ ಊಟದ ಮೇಜಿಗೆ ಕರೆಯಲು ಹಿಂಜರಿಯುತ್ತಾರೆ. ಸಲ್ಲಾಹ್‌ನ ಮಗಳು ಹಬೂಬಾ ಕಿಬ್ಬುತ್ಸಿನ ಯುವಕನನ್ನೂ, ಮಗ ಶಿಮೋನ್ ಅಲ್ಲಿನ ಯುವತಿಯನ್ನೂ ಪ್ರೀತಿಸುತ್ತಾರೆ. ಮಗಳಿಗೆ ವಧುದಕ್ಷಿಣೆ ಬೇಕೆಂದು ಸಲ್ಲಾಹ್ ಪಟ್ಟು ಹಿಡಿಯುತ್ತಾನೆ. ಆದರೆ ಅದೇ ಸಂಪ್ರದಾಯದಂತೆ ಸೊಸೆಗಾಗಿ ಅವನೂ ಕಿಬ್ಬುತ್ಸಿಗೆ ಹಣ ಕೊಡಬೇಕಾಗುತ್ತದೆ. ಕೊನೆಯಲ್ಲಿ ಅಧಿಕಾರಶಾಹಿಯ ಗುಣವನ್ನು ಚೆನ್ನಾಗಿ ಅರಿತ ಸಲ್ಲಾಹ್ ವಿಚಿತ್ರ ಪ್ರತಿಭಟನೆಯೊಂದನ್ನು ಸಂಘಟಿಸುತ್ತಾನೆ. ತಮಗೆ ಹೊಸ ಮನೆ ಬೇಡ, ಶಿಬಿರದಲ್ಲಿಯೇ ಇರುತ್ತೇವೆ ಎಂದು ಶಿಬಿರವಾಸಿಗಳು ಘೋಷಣೆ ಕೂಗುತ್ತಾರೆ. ಜನ ಕೇಳಿದ್ದಕ್ಕೆ ವಿರುದ್ಧವಾದುದನ್ನೇ ಮಾಡುವ ಸರ್ಕಾರ ಅವರನ್ನು ಬಲವಂತವಾಗಿ ಹೊಸ ಮನೆಗಳಿಗೆ ಸಾಗಿಸುತ್ತದೆ.

ಇಸ್ರೇಲಿನ ಜನಸಂಖ್ಯೆ ಸುಮಾರು 25 ಲಕ್ಷವಿದ್ದ ಕಾಲದಲ್ಲಿ ಈ ಚಿತ್ರದ 10 ಲಕ್ಷಕ್ಕೂ ಹೆಚ್ಚು ಟಿಕೆಟ್‌ಗಳು ಮಾರಾಟವಾದವು. ಅತ್ಯುತ್ತಮ ವಿದೇಶಿ ಭಾಷಾ ಚಿತ್ರಕ್ಕಾಗಿ ಗೋಲ್ಡನ್ ಗ್ಲೋಬ್ ಪ್ರಶಸ್ತಿಯೂ ಇದಕ್ಕೆ ದೊರೆಯಿತು. ಟೊಪೋಲ್ ಅವರು ಭರವಸೆಯ ಹೊಸ ನಟನೆಂದು ಗೋಲ್ಡನ್ ಗ್ಲೋಬ್ ಗೌರವ ಪಡೆದರು. ಮುಂದೆ ‘ಫಿಡ್ಲರ್ ಆನ್ ದಿ ರೂಫ್’ ಚಿತ್ರದ ಮೂಲಕ ಅವರು ವಿಶ್ವಪ್ರಸಿದ್ಧರಾದರು.

ಎರ್ವಿಂಕಾ ಮತ್ತು ಬ್ಲೌಮಿಲ್ಖ್ ಕಾಲುವೆ

ಎರಡನೆಯ ಚಿತ್ರ ‘ಎರ್ವಿಂಕಾ’ (1967) ದುಡಿಯಲು ಮನಸ್ಸಿಲ್ಲದ ಚತುರ ವಂಚಕನೊಬ್ಬನ ಕಥೆ. ಸಿನಿಮಾ ಚಿತ್ರೀಕರಣದ ನೆಪದಲ್ಲಿ ಲಾಟರಿ ಹಣವನ್ನು ದೋಚುವ ಯೋಜನೆ ಅದರ ತಿರುಳು. ಟೊಪೋಲ್ ಮತ್ತು ಅಲ್ಮಗೋರ್ ಇದರಲ್ಲಿಯೂ ನಟಿಸಿದ್ದಾರೆ.

‘ಬ್ಲೌಮಿಲ್ಖ್ ಕಾಲುವೆ’ (1969) ಕಿಶೋನ್ ಅವರು ಹಿಂದೆ ಬರೆದಿದ್ದ ವಿಡಂಬನ ಕಥೆಯನ್ನು ಆಧರಿಸಿದೆ. ಮಾನಸಿಕ ಚಿಕಿತ್ಸಾಲಯದಿಂದ ತಪ್ಪಿಸಿಕೊಂಡ ಕಜಿಮಿರ್ ಬ್ಲೌಮಿಲ್ಖ್ ಎಂಬಾತ ರಸ್ತೆ ಒಡೆಯುವ ಯಂತ್ರವೊಂದನ್ನು ಕದ್ದು, ಟೆಲ್ ಅವೀವಿನ ಜನನಿಬಿಡ ಅಲೆನ್ಬಿ ರಸ್ತೆಯನ್ನು ಅಗೆಯತೊಡಗುತ್ತಾನೆ. ಪ್ರತಿ ಇಲಾಖೆಯೂ ಇದು ಇನ್ನೊಂದು ಇಲಾಖೆಯ ಕಾಮಗಾರಿ ಎಂದು ಭಾವಿಸುತ್ತದೆ. ಪೊಲೀಸರು ಸಂಚಾರವನ್ನು ಬೇರೆಡೆಗೆ ತಿರುಗಿಸಿ ನೆರವಾಗುತ್ತಾರೆ, ನಗರಾಡಳಿತವು ಕೆಲಸಗಾರರನ್ನೂ ಯಂತ್ರಗಳನ್ನೂ ಕಳುಹಿಸುತ್ತದೆ. ಕೊನೆಗೆ ಸಮುದ್ರದ ನೀರು ರಸ್ತೆಗೆ ನುಗ್ಗಿದಾಗ ಮೇಯರ್ ಅದನ್ನು ಕಾಲುವೆಯೆಂದು ಉದ್ಘಾಟಿಸುತ್ತಾರೆ. ಚಿತ್ರೀಕರಣಕ್ಕಾಗಿ ಹೆರ್ತ್ಸ್‌ಲಿಯಾದ ಸ್ಟುಡಿಯೋದಲ್ಲಿ ಅಲೆನ್ಬಿ ರಸ್ತೆಯ ಬೃಹತ್ ಸೆಟ್ ನಿರ್ಮಿಸಲಾಗಿತ್ತು. ಇಲ್ಲಿನ ಒಡಕು ಜನಾಂಗೀಯವಾದುದಲ್ಲ, ಆಳುವವರು ಮತ್ತು ಆಳಿಸಿಕೊಳ್ಳುವವರ ನಡುವಿನದು.

ಪೊಲೀಸ್ ಅಜೂಲಾಯಿ

1971ರ ‘ಪೊಲೀಸ್ ಅಜೂಲಾಯಿ’ ಕಿಶೋನ್ ಅವರ ಅತ್ಯುತ್ತಮ ಚಿತ್ರವೆಂದು ಅನೇಕ ವಿಮರ್ಶಕರು ಪರಿಗಣಿಸುತ್ತಾರೆ. ಜಾಫಾ ಪಟ್ಟಣದ ಕಾನ್‌ಸ್ಟೇಬಲ್ ಅವ್ರಹಾಮ್ ಅಜೂಲಾಯಿ ಉತ್ತರ ಆಫ್ರಿಕಾ ಮೂಲದ ಮಿಜ್ರಾಹಿ. ಇಪ್ಪತ್ತು ವರ್ಷ ಸೇವೆ ಸಲ್ಲಿಸಿದರೂ ಒಮ್ಮೆಯೂ ಬಡ್ತಿ ಸಿಕ್ಕಿಲ್ಲ. ಅವನು ಫ್ರೆಂಚ್ ಬಲ್ಲ, ಧರ್ಮಗ್ರಂಥಗಳನ್ನು ಬಲ್ಲ, ಕೆರಳಿ ನಿಂತ ಸಂಪ್ರದಾಯನಿಷ್ಠ ಯಹೂದಿಗಳನ್ನು ಗ್ರಂಥದ ಮಾತುಗಳಿಂದಲೇ ಸಮಾಧಾನಪಡಿಸಬಲ್ಲ. ಆದರೆ ಕಳ್ಳರ ಮೇಲೆ ಕೈ ಎತ್ತುವುದು ಅವನಿಂದ ಆಗದು. ಅವನ ಸೇವಾವಧಿಯನ್ನು ಮುಂದುವರಿಸಬೇಕೇ ಬೇಡವೇ ಎಂಬುದು ಅಶ್ಕೆನಾಜಿ ಮೇಲಧಿಕಾರಿಗಳ ನಿರ್ಧಾರಕ್ಕೆ ಬಿಟ್ಟ ವಿಷಯ.

ಅಜೂಲಾಯಿ ಹೋದರೆ ಮುಂದೆ ಬರುವವನು ಇಷ್ಟು ಒಳ್ಳೆಯವನಾಗಿರಲಾರನೆಂದು ಅರಿತ ಜಾಫಾದ ಕಳ್ಳರು ಅವನ ಕೆಲಸ ಉಳಿಸಲು ಮುಂದಾಗುತ್ತಾರೆ. ಅವನೇ ಹಿಡಿಯುವಂತೆ ಕಳ್ಳತನವೊಂದನ್ನು ಏರ್ಪಡಿಸುತ್ತಾರೆ. ಯೋಜನೆ ಯಶಸ್ವಿಯಾಗಿ ಅವನು ಸಾರ್ಜೆಂಟ್ ದರ್ಜೆಗೆ ಏರುತ್ತಾನೆ. ಆದರೆ ನಿವೃತ್ತಿಯ ಆದೇಶ ಹಿಂದೆ ಸರಿಯುವುದಿಲ್ಲ. ಬಡ್ತಿ ಮತ್ತು ಬೀಳ್ಕೊಡುಗೆ ಒಟ್ಟಿಗೇ ಬರುತ್ತವೆ. ಕಣ್ಣೀರು ತುಂಬಿಕೊಂಡು ಅವನು ಸೆಲ್ಯೂಟ್ ಮಾಡುವ ಕೊನೆಯ ದೃಶ್ಯ ಇಸ್ರೇಲಿ ಸಿನಿಮಾದ ಸ್ಮರಣೀಯ ದೃಶ್ಯಗಳಲ್ಲಿ ಒಂದು. ಜೆರುಸಲೇಮಿನ ಅಶ್ಕೆನಾಜಿ ಕುಟುಂಬದಲ್ಲಿ ಹುಟ್ಟಿದ ನಟ ಶೈಕೆ ಓಫಿರ್ ಅಜೂಲಾಯಿಯ ಪಾತ್ರವನ್ನು ನಿರ್ವಹಿಸಿದರು. ಚಿತ್ರಕ್ಕೆ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಮತ್ತು ಆಸ್ಕರ್ ನಾಮನಿರ್ದೇಶನ ದೊರೆತವು.

ಸಲ್ಲಾಹ್ ತನ್ನ ಕುಯುಕ್ತಿಯಿಂದ ವ್ಯವಸ್ಥೆಯನ್ನು ಸೋಲಿಸಿ ಮನೆ ಪಡೆಯುತ್ತಾನೆ. ಅಜೂಲಾಯಿ ವ್ಯವಸ್ಥೆಯನ್ನು ನಂಬಿ, ಅದರ ಸಮವಸ್ತ್ರ ಧರಿಸಿ, ಅದರಿಂದಲೇ ಹೊರಹಾಕಲ್ಪಡುತ್ತಾನೆ. ಎರಡು ಚಿತ್ರಗಳ ನಡುವಿನ ಏಳು ವರ್ಷಗಳಲ್ಲಿ ನಗೆಯ ಧಾಟಿ ಬದಲಾಗಿರುವುದು ಇಲ್ಲಿ ಕಾಣುತ್ತದೆ. ಚಿತ್ರ ಬಿಡುಗಡೆಯಾದ 1971ರಲ್ಲಿಯೇ ಜೆರುಸಲೇಮಿನ ಮುಸ್ರಾರಾ ಬಡಾವಣೆಯ ಮಿಜ್ರಾಹಿ ಯುವಕರು ಬ್ಲ್ಯಾಕ್ ಪ್ಯಾಂಥರ್ಸ್ ಎಂಬ ಹೆಸರಿನಲ್ಲಿ ಸಂಘಟಿತರಾಗಿ ತಾರತಮ್ಯದ ವಿರುದ್ಧ ಬೀದಿಗಿಳಿದರು.

ಕೊನೆಯ ಚಿತ್ರ

ಐದನೆಯ ಮತ್ತು ಕೊನೆಯ ಚಿತ್ರ ‘ಕೋಳಿಗೂಡಿನಲ್ಲಿ ನರಿ’ (1978) ಅವರದೇ ಕಾದಂಬರಿಯನ್ನು ಆಧರಿಸಿದೆ. ವಿಶ್ರಾಂತಿಗಾಗಿ ದೂರದ ಹಳ್ಳಿಗೆ ಬಂದ ರಾಜಕಾರಣಿಯೊಬ್ಬ ಅಲ್ಲಿನ ನೆಮ್ಮದಿಯ ಜನರ ನಡುವೆ ಪಕ್ಷ, ಪೈಪೋಟಿ ಮತ್ತು ದ್ವೇಷವನ್ನು ಬಿತ್ತುವುದು ಇದರ ಕಥೆ. ಶೈಕೆ ಓಫಿರ್ ಮುಖ್ಯ ಪಾತ್ರದಲ್ಲಿದ್ದರು. ಒಡಕು ಜನರಲ್ಲಿ ಸಹಜವಾಗಿ ಹುಟ್ಟಿದ್ದಲ್ಲ, ಅಧಿಕಾರದ ಆಟಕ್ಕಾಗಿ ಮೇಲಿನಿಂದ ತಂದು ಹೇರಿದ್ದು ಎಂಬ ಕಿಶೋನ್ ಅವರ ನಿಲುವು ಇಲ್ಲಿ ಅತ್ಯಂತ ನೇರವಾಗಿ ವ್ಯಕ್ತವಾಗಿದೆ. ಆದರೆ ಹಿಂದಿನ ಚಿತ್ರಗಳ ಯಶಸ್ಸು ಇದಕ್ಕೆ ದೊರೆಯಲಿಲ್ಲ. ಆ ನಂತರ ಅವರು ಚಿತ್ರ ನಿರ್ದೇಶನಕ್ಕೆ ಮರಳಲಿಲ್ಲ.

ವಿಮರ್ಶೆ ಮತ್ತು ವಿವಾದ

‘ಸಲ್ಲಾಹ್ ಶಬಾತಿ’ ಬಿಡುಗಡೆಯಾದಾಗ ಆಕ್ಷೇಪಗಳು ಹೆಚ್ಚಾಗಿ ಆಡಳಿತ ವಲಯದ ಕಡೆಯಿಂದ ಬಂದವು. ಕಿಬ್ಬುತ್ಸ್, ಅರಣ್ಯೀಕರಣ, ವಲಸಿಗರ ಪುನರ್ವಸತಿ ಮುಂತಾದವು ಅಂದು ರಾಷ್ಟ್ರದ ಪವಿತ್ರ ಆದರ್ಶಗಳೆನಿಸಿದ್ದವು. ಅವುಗಳನ್ನು ಅಪಹಾಸ್ಯ ಮಾಡುವ ಚಿತ್ರವು ವಿದೇಶಗಳಲ್ಲಿ ದೇಶದ ಹೆಸರನ್ನು ಕೆಡಿಸುತ್ತದೆಂಬ ಟೀಕೆ ಕೇಳಿಬಂದಿತು. ಪ್ರೇಕ್ಷಕರು ಮಾತ್ರ ಚಿತ್ರವನ್ನು ಸ್ವಾಗತಿಸಿದರು.

ನಂತರದ ದಶಕಗಳಲ್ಲಿ ಟೀಕೆಯ ದಿಕ್ಕು ಬದಲಾಯಿತು. ಇರಾಕಿ ಯಹೂದಿ ಮೂಲದ ವಿದ್ವಾಂಸೆ ಎಲ್ಲಾ ಶೋಹಾತ್ 1989ರಲ್ಲಿ ಪ್ರಕಟಿಸಿದ ಇಸ್ರೇಲಿ ಸಿನಿಮಾ ಕುರಿತ ಗ್ರಂಥದಲ್ಲಿ ಈ ಚಿತ್ರವನ್ನು ವಿವರವಾಗಿ ವಿಶ್ಲೇಷಿಸಿದ್ದಾರೆ. ಸಲ್ಲಾಹ್ ಯಾವ ದೇಶದಿಂದ ಬಂದವನೆಂದು ಚಿತ್ರ ಎಲ್ಲಿಯೂ ಹೇಳುವುದಿಲ್ಲ. ಇರಾಕ್, ಯೆಮೆನ್, ಮೊರಾಕೊಗಳ ಭಿನ್ನ ಭಾಷೆ ಮತ್ತು ಸಂಸ್ಕೃತಿಗಳು ಒಂದೇ ‘ಪೌರಸ್ತ್ಯ’ ಅಚ್ಚಿನಲ್ಲಿ ಕರಗಿಹೋಗುತ್ತವೆ. ಅವನು ಸೋಮಾರಿ, ಕುಡುಕ, ಮಕ್ಕಳನ್ನು ಲೆಕ್ಕವಿಡಲಾರದವ, ಮಗಳನ್ನು ಹಣಕ್ಕೆ ಕೊಡುವವ. ಅರಬ್ ದೇಶಗಳ ನಗರಗಳಲ್ಲಿ ವರ್ತಕರೂ ಶಿಕ್ಷಕರೂ ಆಗಿದ್ದ ಯಹೂದಿಗಳ ಚರಿತ್ರೆ ಈ ಚಿತ್ರಣದಲ್ಲಿ ಅಳಿಸಿಹೋಗುತ್ತದೆ ಎಂಬುದು ಈ ಬಗೆಯ ವಿಮರ್ಶೆಯ ಸಾರಾಂಶ. ಮುಖ್ಯ ಪಾತ್ರವನ್ನು ನಿರ್ವಹಿಸಿದವರೂ ಅದನ್ನು ಸೃಷ್ಟಿಸಿದವರೂ ಯುರೋಪ್ ಮೂಲದವರು ಎಂಬುದನ್ನು ವಿಮರ್ಶಕರು ಗುರುತಿಸಿದ್ದಾರೆ. ಸಾಮಾಜಿಕ ಅನ್ಯಾಯಕ್ಕೆ ಅಂತರ್‌ಸಮುದಾಯ ವಿವಾಹವನ್ನೇ ಪರಿಹಾರವೆಂದು ತೋರಿಸುವುದರಿಂದ ಅಸಮಾನತೆಯ ಕಾರಣಗಳು ಪ್ರಶ್ನೆಗೊಳಗಾಗದೆ ಉಳಿಯುತ್ತವೆ ಎಂಬ ಆಕ್ಷೇಪವೂ ಇದೆ.

ಕಿಶೋನ್ ಅವರ ಪರವಾಗಿ ಮಾತನಾಡುವವರು ಬೇರೆಯೇ ಅಂಶಗಳತ್ತ ಬೆರಳು ತೋರಿಸುತ್ತಾರೆ. ಚಿತ್ರದಲ್ಲಿ ಬುದ್ಧಿವಂತನಾಗಿ ಹೊರಹೊಮ್ಮುವವನು ಸಲ್ಲಾಹ್ ಒಬ್ಬನೇ. ಅಧಿಕಾರಿ, ಸಮಾಜ ಕಾರ್ಯಕರ್ತೆ, ಪಕ್ಷದ ಏಜೆಂಟ್ ಎಲ್ಲರೂ ಅವನ ಮುಂದೆ ಮೂರ್ಖರಾಗುತ್ತಾರೆ. ಶಿಬಿರದ ಬದುಕನ್ನು ಕಿಶೋನ್ ಸ್ವತಃ ಅನುಭವಿಸಿದ್ದರು. ಅವರ ವಿಡಂಬನೆ ಯಾವ ಗುಂಪನ್ನೂ ಬಿಟ್ಟಿರಲಿಲ್ಲ. ಮಿಜ್ರಾಹಿ ಪ್ರೇಕ್ಷಕರಲ್ಲಿ ಅನೇಕರು ತಮ್ಮಂತಹವನೊಬ್ಬನನ್ನು ಮೊದಲ ಬಾರಿಗೆ ತೆರೆಯ ಮೇಲೆ ಕಥಾನಾಯಕನಾಗಿ ಕಂಡು ಮೆಚ್ಚಿದರು. ಇನ್ನು ಕೆಲವರಿಗೆ ಸಲ್ಲಾಹ್ ಎಂಬುದು ಶಾಲೆಯಲ್ಲಿಯೂ ಬೀದಿಯಲ್ಲಿಯೂ ತಮ್ಮನ್ನು ಹಿಂಬಾಲಿಸಿದ ಅಣಕದ ಹೆಸರಾಯಿತು. ಒಂದೇ ಚಿತ್ರದ ಈ ಎರಡು ಅನುಭವಗಳೂ ಅದು ತೋರಿಸಿದ ಒಡಕಿನ ಆಳಕ್ಕೆ ಸಾಕ್ಷಿಯಾಗಿವೆ.

ಯಹೂದಿಗಳು ಮತ್ತು ಪ್ಯಾಲೆಸ್ತೀನಿ ಅರಬರ ನಡುವಿನ ಸಂಘರ್ಷಕ್ಕೆ ಕಿಶೋನ್ ಅವರ ಚಿತ್ರಗಳಲ್ಲಿ ಸ್ಥಾನ ಬಹಳ ಕಡಿಮೆ. ‘ಸಲ್ಲಾಹ್ ಶಬಾತಿ’ ತೆರೆಕಂಡಾಗ ಇಸ್ರೇಲಿನ ಅರಬ್ ಪ್ರಜೆಗಳು ಇನ್ನೂ ಸೈನಿಕ ಆಡಳಿತದ ಅಡಿಯಲ್ಲಿದ್ದರು. ಆ ವ್ಯವಸ್ಥೆಯು 1966ರಲ್ಲಿ ಕೊನೆಗೊಂಡಿತು. ಚಿತ್ರದ ನಗೆ ಯಹೂದಿ ಸಮಾಜದೊಳಗಿನ ಅಂತರಗಳನ್ನು ದಾಟಿ ಅಲ್ಲಿಗೆ ತಲುಪಲಿಲ್ಲ.

ಜರ್ಮನ್ ಓದುಗರು ಮತ್ತು ಕೊನೆಯ ವರ್ಷಗಳು

ಕಿಶೋನ್ ಅವರ ಪುಸ್ತಕಗಳು 30ಕ್ಕೂ ಹೆಚ್ಚು ಭಾಷೆಗಳಿಗೆ ಅನುವಾದಗೊಂಡು ಕೋಟಿಗಟ್ಟಲೆ ಪ್ರತಿಗಳಲ್ಲಿ ಮಾರಾಟವಾದವು. ಅವುಗಳಲ್ಲಿ ಬಹುಪಾಲು ಜರ್ಮನ್ ಭಾಷೆಯವು. ಆಸ್ಟ್ರಿಯಾದ ಲೇಖಕ ಫ್ರೀಡ್‌ರಿಖ್ ಟೋರ್ಬರ್ಗ್ 1979ರಲ್ಲಿ ತಾವು ತೀರಿಕೊಳ್ಳುವವರೆಗೆ ಇವರ ಕೃತಿಗಳನ್ನು ಜರ್ಮನ್‌ಗೆ ಅನುವಾದಿಸಿದರು. ಬಳಿಕ ಕಿಶೋನ್ ಸ್ವತಃ ಆ ಭಾಷೆಯಲ್ಲಿ ಬರೆದರು. ತಮ್ಮನ್ನು ಕೊಲ್ಲಲು ಹೊರಟಿದ್ದ ಪೀಳಿಗೆಯ ಮಕ್ಕಳು ತಮ್ಮ ಪುಸ್ತಕಗಳನ್ನು ಓದಿ ನಗುವುದರಲ್ಲಿ ಅವರು ಒಂದು ಬಗೆಯ ತೃಪ್ತಿಯನ್ನು ಕಂಡರು. ದ್ವೇಷ ಸಾಧಿಸುವುದು ಅವರ ಉದ್ದೇಶವಾಗಿರಲಿಲ್ಲ.

ಇಸ್ರೇಲಿನಲ್ಲಿ ಅವರ ಸ್ಥಾನ ಅಷ್ಟು ಸರಳವಾಗಿರಲಿಲ್ಲ. ಜನಸಾಮಾನ್ಯರ ಪ್ರೀತಿ ದೊರೆತರೂ, ತಮ್ಮ ಬಲಪಂಥೀಯ ನಿಲುವು ಮತ್ತು ವಲಸಿಗ ಹಿನ್ನೆಲೆಯ ಕಾರಣದಿಂದ ಸಾಹಿತ್ಯವಲಯ ತಮ್ಮನ್ನು ಪೂರ್ಣವಾಗಿ ಒಪ್ಪಿಕೊಳ್ಳಲಿಲ್ಲ ಎಂಬ ನೋವು ಅವರಲ್ಲಿತ್ತು. 1980ರ ದಶಕದಿಂದ ಅವರು ಸ್ವಿಟ್ಜರ್ಲೆಂಡಿನ ಆಪೆನ್‌ಜೆಲ್‌ನಲ್ಲಿ ಎರಡನೆಯ ಮನೆ ಮಾಡಿಕೊಂಡು ಅಲ್ಲಿಯೂ ಟೆಲ್ ಅವೀವಿನಲ್ಲಿಯೂ ವಾಸಿಸಿದರು. 2002ರಲ್ಲಿ ಜೀವಮಾನದ ಸಾಧನೆಗಾಗಿ ಇಸ್ರೇಲ್ ಪ್ರಶಸ್ತಿ ದೊರೆತಾಗ, ಅದು ಬಹಳ ತಡವಾಗಿ ಬಂದಿತೆಂಬ ಭಾವನೆಯನ್ನು ಅವರು ಮರೆಮಾಚಲಿಲ್ಲ.

2005ರ ಜನವರಿ 29ರಂದು ಆಪೆನ್‌ಜೆಲ್‌ನ ಮನೆಯಲ್ಲಿ ಹೃದಯಾಘಾತದಿಂದ ಅವರು ನಿಧನರಾದರು. ಆಗ ಅವರಿಗೆ 80 ವರ್ಷ. ಪಾರ್ಥಿವ ಶರೀರವನ್ನು ಇಸ್ರೇಲಿಗೆ ತಂದು ಟೆಲ್ ಅವೀವಿನ ಟ್ರಂಪೆಲ್ಡೋರ್ ಸ್ಮಶಾನದಲ್ಲಿ ಸಮಾಧಿ ಮಾಡಲಾಯಿತು.

ವೈಯಕ್ತಿಕ ಜೀವನ

ಕಿಶೋನ್ ಮೂರು ಬಾರಿ ವಿವಾಹವಾದರು. ಮೊದಲ ವಿವಾಹ ವಿಚ್ಛೇದನದಲ್ಲಿ ಕೊನೆಗೊಂಡಿತು. 1959ರಲ್ಲಿ ಸಾರಾ ಲಿಪೋವಿಟ್ಸ್ ಅವರನ್ನು ವರಿಸಿದರು. ಅವರ ಹಾಸ್ಯಕಥೆಗಳಲ್ಲಿ ಎಲ್ಲ ಪತ್ನಿಯರಲ್ಲಿಯೂ ಅತ್ಯುತ್ತಮಳೆಂಬ ಬಿರುದಿನೊಂದಿಗೆ ಬರುವ ಪಾತ್ರಕ್ಕೆ ಸಾರಾ ಅವರೇ ಪ್ರೇರಣೆ. ಸಾರಾ 2002ರಲ್ಲಿ ನಿಧನರಾದ ಬಳಿಕ ಆಸ್ಟ್ರಿಯಾದ ಲೇಖಕಿ ಲೀಸಾ ವಿಟಾಸೆಕ್ ಅವರನ್ನು ವಿವಾಹವಾದರು. ಅವರಿಗೆ ಮೂವರು ಮಕ್ಕಳು. ತಮ್ಮ ಪ್ರಾಣ ಉಳಿಸಿದ ಚದುರಂಗದ ಮೇಲಿನ ಅವರ ಆಸಕ್ತಿ ಜೀವನದುದ್ದಕ್ಕೂ ಮುಂದುವರಿಯಿತು. ಆಟದ ನಡುವೆ ಹಾಸ್ಯದ ಮಾತುಗಳನ್ನಾಡುವ ಚದುರಂಗ ಕಂಪ್ಯೂಟರ್ ಒಂದು ಅವರ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿತ್ತು.

ಪ್ರಭಾವ

‘ಸಲ್ಲಾಹ್ ಶಬಾತಿ’ಯ ಯಶಸ್ಸಿನಿಂದ ಇಸ್ರೇಲಿನಲ್ಲಿ ‘ಬೊರೆಕಾಸ್’ ಎಂಬ ಚಿತ್ರಪ್ರಕಾರವು ಬೆಳೆಯಿತು. ಬೊರೆಕಾಸ್ ಎಂಬುದು ಹೂರಣ ತುಂಬಿ ಬೇಯಿಸುವ ಅಗ್ಗದ ಬೀದಿತಿಂಡಿ. ಅಶ್ಕೆನಾಜಿ ಮತ್ತು ಮಿಜ್ರಾಹಿ ಕುಟುಂಬಗಳ ಜಗಳ, ನಡುವೆ ಪ್ರೇಮ, ಕೊನೆಗೆ ಮದುವೆ ಎಂಬ ಸೂತ್ರದ ಮೇಲೆ 1960 ಮತ್ತು 70ರ ದಶಕಗಳಲ್ಲಿ ಅನೇಕ ಹಾಸ್ಯ ಮತ್ತು ಭಾವುಕ ಚಿತ್ರಗಳು ತಯಾರಾದವು. ಮೆನಹೆಮ್ ಗೋಲಾನ್ ಅವರ ‘ಕಜಬ್ಲಾನ್’, ಬೋಅಜ್ ಡೇವಿಡ್ಸನ್ ಅವರ ‘ಚಾರ್ಲಿ ಮತ್ತು ಅರ್ಧ’ ಮತ್ತು ‘ಸ್ನೂಕರ್’ ಇದಕ್ಕೆ ಉದಾಹರಣೆಗಳು.

ಕಿಶೋನ್ ಬಿಟ್ಟ ಜಾಗಗಳನ್ನು ಮುಂದಿನ ಪೀಳಿಗೆಯ ನಿರ್ದೇಶಕರು ತುಂಬಿದರು. ಯಹೂದಿ ಮತ್ತು ಅರಬ್ ಕೈದಿಗಳು ಒಂದಾಗುವ ಕಥೆಯುಳ್ಳ ಉರಿ ಬರ್ಬಾಶ್ ಅವರ ‘ಗೋಡೆಗಳಾಚೆ’ (1984) ಆಸ್ಕರ್ ನಾಮನಿರ್ದೇಶನ ಪಡೆಯಿತು. ಮೊರಾಕೊ ಮೂಲದ ಕುಟುಂಬವೊಂದರ ಒಳಗಿನ ಬದುಕನ್ನು ಆ ಸಮುದಾಯದವರೇ ಆದ ಹನ್ನಾ ಅಜೂಲಾಯ್ ಹಸ್ಫಾರಿ ‘ಶ್ಖುರ್’ (1994) ಚಿತ್ರಕ್ಕಾಗಿ ಬರೆದರು. ಅವಿ ನೇಶೆರ್ ಅವರ ‘ಪ್ರಪಂಚದ ಅಂಚಿನಲ್ಲಿ ಎಡಕ್ಕೆ ತಿರುಗಿ’ (2004) ಚಿತ್ರವು ನೆಗೆವ್ ಮರುಭೂಮಿಯ ಪಟ್ಟಣವೊಂದರಲ್ಲಿ ನೆರೆಹೊರೆಯವರಾಗುವ ಭಾರತೀಯ ಯಹೂದಿಗಳು ಮತ್ತು ಮೊರಾಕೊ ಯಹೂದಿಗಳ ಕಥೆಯಾಗಿದೆ. ಇಬ್ಬರು ನಿರ್ದೇಶಕರು, ಒಬ್ಬ ಪ್ಯಾಲೆಸ್ತೀನಿ ಮತ್ತು ಒಬ್ಬ ಯಹೂದಿ, ಸೇರಿ ಮಾಡಿದ ‘ಅಜಾಮಿ’ (2009) ಚಿತ್ರದ ಕಥೆ ನಡೆಯುವುದು ಪೊಲೀಸ್ ಅಜೂಲಾಯಿ ಗಸ್ತು ತಿರುಗಿದ ಜಾಫಾದಲ್ಲಿಯೇ. ಆದರೆ ಅಲ್ಲಿ ಕಳ್ಳರು ಪೊಲೀಸನ ಕೆಲಸ ಉಳಿಸಲು ಒಂದುಗೂಡುವುದಿಲ್ಲ, ಗುಂಡಿನ ಸದ್ದು ಕೇಳಿಸುತ್ತದೆ.

ನಿರ್ದೇಶಿಸಿದ ಚಲನಚಿತ್ರಗಳು

ಸಲ್ಲಾಹ್ ಶಬಾತಿ (1964)
ಎರ್ವಿಂಕಾ (1967)
ಬ್ಲೌಮಿಲ್ಖ್ ಕಾಲುವೆ (1969)
ಪೊಲೀಸ್ ಅಜೂಲಾಯಿ (1971)
ಕೋಳಿಗೂಡಿನಲ್ಲಿ ನರಿ (1978)

ಪ್ರಮುಖ ಪ್ರಶಸ್ತಿ ಮತ್ತು ಗೌರವಗಳು

ಗೋಲ್ಡನ್ ಗ್ಲೋಬ್, ಅತ್ಯುತ್ತಮ ವಿದೇಶಿ ಭಾಷಾ ಚಿತ್ರ: ‘ಸಲ್ಲಾಹ್ ಶಬಾತಿ’ (1965), ‘ಪೊಲೀಸ್ ಅಜೂಲಾಯಿ’ (1972)
ಆಸ್ಕರ್ ನಾಮನಿರ್ದೇಶನ, ಅತ್ಯುತ್ತಮ ವಿದೇಶಿ ಭಾಷಾ ಚಿತ್ರ: ‘ಸಲ್ಲಾಹ್ ಶಬಾತಿ’ (1965), ‘ಪೊಲೀಸ್ ಅಜೂಲಾಯಿ’ (1972)
ಇಸ್ರೇಲ್ ಪ್ರಶಸ್ತಿ, ಜೀವಮಾನದ ಸಾಧನೆ (2002)